ದೀಪ ಹಚ್ಚಿದ ಮೇಲಿನ ಬೆಲ್ಲ

ಮಕರ ಮಾಸದ ಬಿಸಿಲು ಏರುತ್ತಿತ್ತು. ವಯನಾಡಿನ ಮೀನಂಗಡಿಯ ದೊಡ್ಡ ರಸ್ತೆಯಿಂದ ಒಳಗೆ ಸರಿದ ಆ ತೋಟದ ಮನೆಯ ಅಂಗಳದ ತುಂಬ ಕಾಫಿ ಹರಡಿತ್ತು. ಮೊದಲ ಕೊಯ್ಲಿನದು ಒಣಗಿ ಕಪ್ಪಾಗಿ ಗಲಗಲ ಅನ್ನುತ್ತಿದ್ದರೆ, ನಿನ್ನೆ ಕೊಯ್ದ ಹಣ್ಣು ಇನ್ನೂ ಕೆಂಪಾಗಿ ಹುಳಿ ವಾಸನೆ ಬೀರುತ್ತಿತ್ತು. ಜಯಮ್ಮ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ಬರಿಗಾಲಲ್ಲೇ ಸಾಲು ಎಳೆಯುತ್ತ ಕಾಫಿ ತಿರುವುತ್ತಿದ್ದರು. ಸೊಸೆ ಸುಪ್ರಿಯಾ ಕಾಫಿ ಮೂಟೆಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಮೂಟೆಗಳು ಹೊರಗಿನ ಸದ್ದನ್ನೆಲ್ಲ ನುಂಗಿಬಿಡುವುದರಿಂದ ಧ್ವನಿ ಮುದ್ರಿಸಲು ಅದಕ್ಕಿಂತ ಒಳ್ಳೆಯ ಜಾಗ ಆ ಮನೆಯಲ್ಲಿರಲಿಲ್ಲ.

ಶ್ರವಣಬೆಳಗೊಳದ ಕಡೆಯಿಂದ ಈ ಮನೆ ತುಂಬಿದ ಅವಳಿಗೆ ಬರೆಯುವ ಹುಚ್ಚು. ಶಾಲೆ, ಆಫೀಸು, ಬಸ್ಸಿನ ಬೋರ್ಡು ಎಲ್ಲವೂ ಮಲಯಾಳವಾದ ಊರಿನಲ್ಲಿ ಅವಳ ಕನ್ನಡ ಓದುವವರು ಯಾರಿದ್ದರು? ಹಾಗಾಗಿ ಫೋನನ್ನೇ ನೆಚ್ಚಿಕೊಂಡಳು. ಧಾರಾವಾಹಿಯೊಂದನ್ನು ತಾನೇ ಬರೆದು, ತಾನೇ ಓದಿ ಯೂಟ್ಯೂಬಿಗೆ ಹಾಕುತ್ತಿದ್ದಳು. ವಯನಾಡಿನ ಕನ್ನಡ ಮನೆಗಳ ವಾಟ್ಸಾಪ್ ಗುಂಪಿಗೆ ವಾರಕ್ಕೊಂದು ಮಕ್ಕಳ ಕಥೆ. ಯಾರಾದರೂ ಕೇಳಿದರೆ ಮದುವೆಗೆ ಹಸೆ ಹಾಡು. ಅನ್ನಕ್ಕೆ ಎಸರಿಟ್ಟು ಒಂದು ಸಾಲು, ತೋಟದ ಕೆಲಸದ ಪಣಿಕಾರರಿಗೆ ಚಹಾ ಕೊಟ್ಟು ಬಂದು ಇನ್ನೊಂದು ಸಾಲು. ಮೊದಮೊದಲು ಕೇಳಿದವರು ತವರಿನ ನಾಲ್ಕು ಜನ. ಆಮೇಲೆ ಹಾಸನ, ಮೈಸೂರು... ಕಳೆದ ತಿಂಗಳಂತೂ ಒಂದೇ ಕಂತು ಕಾಡ್ಗಿಚ್ಚಿನಂತೆ ಹಬ್ಬಿತ್ತು! ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟಬಾರದೆಂದು ಸೊಸೆಯನ್ನು ಹಿಂಡುವ ಅತ್ತೆ, ತಾನು ಮಾತ್ರ ಕತ್ತಲಲ್ಲಿ ಕದ್ದು ಬೆಲ್ಲ ನೆಕ್ಕುವ ಕಂತು ಅದು.

ಈ ಹೊತ್ತು ಮುಂದಿನ ಕಂತು ಓದಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಂಗಳದಲ್ಲಿ ಪ್ರೇಮಲತಾಳ ದನಿ ಕೇಳಿತು. ಊರಿನ ಜೈನ ಬಸದಿಯ ಕೆಲಸಗಳಿಗೆಲ್ಲ ಮುಂದೆ ನಿಲ್ಲುವ ಹೆಂಗಸು.

"ಜಯಕ್ಕಾ, ನಾಡಿದ್ದು ಮಾತಾಜಿ ಬಸದಿಗೆ ಬರ್ತಾರಲ್ಲ... ಆಹಾರ ಈ ಸಲ ನಮ್ಮನೇಲೇ ಆಗ್ಲಿ ಅಂತ ಎಲ್ಲರೂ ಅಂದ್ರು."

ಜಯಮ್ಮನ ಕಾಲು ಕಾಫಿಯ ನಡುವೆ ನಿಂತಿತು. "ಯಾಕೆ? ಯಾವ ತ್ಯಾಗಿಗಳು ಬಂದ್ರೂ ಮೊದಲ ದಿನದ ಆಹಾರ ನಮ್ಮ ಮನೇದೇ ಅಲ್ವಾ? ನಮ್ಮತ್ತೆ ಕಾಲದಿಂದ್ಲೂ!"

"ಅಲ್ಲಾ... ಆಹಾರ ಕೊಡೋರು ರಾತ್ರಿ ಉಣ್ಣದ ವ್ರತ ಇಟ್ಟಿರ್ಬೇಕು. ನಿಮಗೆ ಪಾಪ ಮೈಗೆ ಹುಷಾರಿಲ್ಲ... ಬೆಲ್ಲ ಗಿಲ್ಲ ಬೇಕಾಗುತ್ತೆ..." ಪ್ರೇಮಲತಾ ಸೆರಗಿನಲ್ಲಿ ನಗು ಒತ್ತಿಹಿಡಿದಳು. "ಸಾರಮಿಲ್ಲ, ಬಿಡಿ ಜಯಕ್ಕಾ, ಯಾರೂ ತಪ್ಪು ತಿಳ್ಕೊಂಡಿಲ್ಲ. ನಿಮ್ಮ ಸೊಸೆ ಎಷ್ಟು ಚೆಂದ ಓದ್ತಾಳೆ! ನಾವೆಲ್ಲ ಬಿದ್ದು ಬಿದ್ದು ನಕ್ವಿ."

ಮೂಟೆಗಳು ಹೊರಗಿನ ಸದ್ದು ನುಂಗುತ್ತವೆ ಎಂದವರು ಯಾರು? ಒಂದೊಂದು ಮಾತೂ ಸುಪ್ರಿಯಾಳ ಎದೆಗೆ ಬಂದು ಬಡಿಯಿತು.

ಆ ಕಂತಿಗೆ ಕಾರಣವಾದ ಸಂಜೆ ಅವಳ ಕಣ್ಣಿಗೆ ಕಟ್ಟಿತು. "ನೀನು ಓದ್ಕೊ ಹೋಗು, ಪಣಿಕಾರರ ಹಿಂದೆ ನಾನು ನಿಲ್ತೀನಿ" ಎಂದು ಗದರಿ ಅವಳನ್ನು ಕೋಣೆಗೆ ಅಟ್ಟಿದ್ದ ಅತ್ತೆ, ಇಡೀ ದಿನ ತೋಟದಲ್ಲಿ ನಿಂತು ಮಧ್ಯಾಹ್ನದ ಊಟವನ್ನೇ ಮರೆತಿದ್ದರು. ದೀಪ ಹಚ್ಚಿದ ಮೇಲೆ ಮೈಯೆಲ್ಲ ಬೆವರಿ, ನಡುಗಿ, ಒಲೆಯ ಬಳಿ ಕುಸಿದಿದ್ದರು. ಸಕ್ಕರೆ ಕಾಯಿಲೆಯ ಮೈ. ಸುಪ್ರಿಯಾಳೇ ಓಡಿ ಬಂದು, ಬಿಗಿದ ತುಟಿ ಬಿಡಿಸಿ, ಬೆಲ್ಲದ ಚೂರು ಒಳಗಿಟ್ಟಿದ್ದಳು. ಎಚ್ಚರವಾದಾಗ ನಾಲಿಗೆಯ ಸಿಹಿ ಗೊತ್ತಾಗಿ ಜಯಮ್ಮ ಮಗುವಿನಂತೆ ಅತ್ತಿದ್ದರು. "ಮದುವೆಯಾಗಿ ಬಂದಂದಿನಿಂದ ಕಾದ ವ್ರತ ಮಗಾ... ಯಾರಿಗೂ ಹೇಳ್ಬೇಡ. ನಾನು ಪ್ರಾಯಶ್ಚಿತ್ತ ಮಾಡ್ಕೋತೀನಿ." ಸುಪ್ರಿಯಾ ಮಾತು ಕೊಟ್ಟಿದ್ದಳು. ಮರುದಿನ ಜಯಮ್ಮ ನೀರೂ ಮುಟ್ಟದೆ ಉಪವಾಸವಿದ್ದರು. ಅದೇ ದಿನ ಕೋಣೆಯೊಳಗೆ ಸುಪ್ರಿಯಾಳ ಲೇಖನಿ ಓಡಿತ್ತು. ಎಂಥ ದೃಶ್ಯ, ಬಿಡುವುದು ಹೇಗೆ ಎಂದು! ಸತ್ಯವನ್ನು ಒಂದಿಷ್ಟೇ ತಿರುವಿದರೆ ಜನ ನಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಪ್ರೇಮಲತಾ ಹೋದ ಮೇಲೆ ಗಂಡ ಪ್ರಸನ್ನನೇ ಅಮ್ಮನಿಗೆ ಆ ಕಂತು ಕೇಳಿಸಬೇಕಾಯಿತು. ಜಯಮ್ಮ ಹಟ ಹಿಡಿದಿದ್ದರು. ಜಗಲಿಯ ಮೇಲೆ ಫೋನು ಸೊಸೆಯ ದನಿಯಲ್ಲಿ ಅತ್ತೆಯನ್ನು ಅಣಕಿಸಿತು. ಬೆಲ್ಲದ ಡಬ್ಬಿಯ ಮುಚ್ಚಳ ಕಿರುಗುಟ್ಟುವುದನ್ನೂ ಸುಪ್ರಿಯಾ ಬಾಯಲ್ಲೇ ಮಾಡಿ ತೋರಿಸಿದ್ದಳು. ಈಗ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಇದೆಲ್ಲ ಬರೀ ಕಥೆ ಅಮ್ಮ..." ಪ್ರಸನ್ನ ತೊದಲಿದ. "ಸುಪ್ರಿಯಾ, ಅಳಿಸಿಬಿಡು ಅದನ್ನ. ಈಗಲೇ!"

"ಕೇಳಿದವರ ಕಿವೀನೂ ಅಳಿಸ್ತಾಳೇನೋ?"

"ಅತ್ತೆ... ತಪ್ಪಾಯ್ತು... ನಿಮ್ಮ ಹೆಸರು ಎಲ್ಲೂ ಹಾಕಿಲ್ಲ..."

"ಹೆಸರು ಯಾಕೆ ಬೇಕು? ಈ ಊರಲ್ಲಿ ಸಂಜೆ ಗಂಟಲು ಹರ್ಕೊಂಡು 'ಹೊತ್ತಾಯ್ತು, ಉಣ್ಣಿ' ಅಂತ ಕೂಗೋ ಅತ್ತೆ ಇನ್ಯಾರಿದ್ದಾರೆ?" ಜಯಮ್ಮನ ದನಿ ಒಡೆಯಿತು. "ಬೆಲ್ಲ ತಿಂದದ್ದು ಬರ್ದೆ, ಆಗ್ಲಿ. ತಿಂದದ್ದು ನಿಜ, ವ್ರತ ಮುರಿದದ್ದೂ ನಿಜ. ಆದ್ರೆ ಆ ಬೆಲ್ಲ ಬಾಯಿಗಿಟ್ಟ ಕೈ ಯಾರದು ಅಂತ ಯಾಕೆ ಬರೀಲಿಲ್ಲ, ಸುಪ್ರಿಯಾ? ನನ್ನ ಜೀವ ಉಳಿಸಿದ ಕೈ ಅಂತ ನಾನು ದಿನಾ ದೇವರ ಮುಂದೆ ನೆನೀತಿದ್ದೆ... ಅದನ್ನೇ ತೆಗೆದು ಹಾಕಿದ್ಯಲ್ಲ ಮಗಾ!"

ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು... ಈ ಮಾತು! ಸುಪ್ರಿಯಾ ಕಂಬಕ್ಕೆ ಮುಖ ಒತ್ತಿ ಬಿಕ್ಕಿದಳು.

ಅಂದೇ ಅವಳು ಆ ಕಂತು ತೆಗೆದುಹಾಕಿದಳು. ಮೂಟೆಗಳ ನಡುವೆ ಕುಳಿತು, ತನ್ನ ಹೆಸರು, ತನ್ನ ಮನೆ, ಬೆಲ್ಲ ಬಾಯಿಗಿಟ್ಟ ತನ್ನ ಕೈ, ತಾನು ಕೊಟ್ಟ ಮಾತು, ಮುರಿದ ಮಾತು, ಎಲ್ಲವನ್ನೂ ಅಲಂಕಾರವಿಲ್ಲದೆ ಹೇಳಿ ಯೂಟ್ಯೂಬಿಗೆ ಹಾಕಿದಳು. ಕೇಳುಗರು ಮುನಿಸಿಕೊಂಡರು. 'ಕಥೆ ಸಪ್ಪೆಯಾಯ್ತು ಮೇಡಂ', 'ಆ ಗಯ್ಯಾಳಿ ಅತ್ತೆಯೇ ಬೇಕು' ಎಂದು ಬರೆದು ಎಷ್ಟೋ ಜನ ಬಿಟ್ಟೇ ಹೋದರು. ಆದರೆ ಪ್ರೇಮಲತಾ ಮರುದಿನ ಬೆಳಿಗ್ಗೆಯೇ ಓಡಿ ಬಂದಳು. "ಜಯಕ್ಕಾ, ನಮಗೆ ಗೊತ್ತಿರ್ಲಿಲ್ಲ... ಆಹಾರ ನಿಮ್ಮನೇಲೇ ಆಗ್ಲಿ" ಎಂದು ಕೈ ಹಿಡಿದಳು.

ಜಯಮ್ಮ ಮೆಲ್ಲನೆ ಕೈ ಬಿಡಿಸಿಕೊಂಡರು. "ಬೇಡ ಪ್ರೇಮಾ. ಊರು ಒಪ್ಪಿತು ಅಂತ ಮುರಿದ ವ್ರತ ಕೂಡ್ಕೊಳ್ಳಲ್ಲ. ನಿನ್ನ ಮನೇಲೇ ಆಗ್ಲಿ."

ಮಾತಾಜಿ ಬಂದ ಬೆಳಿಗ್ಗೆ, ಪ್ರತಿ ಸಲವೂ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಜಯಮ್ಮ, ಒಗೆದ ಸೀರೆಯುಟ್ಟು ಕಾಫಿ ರಾಶಿಯ ಹಿಂದೆ ನಿಂತಿದ್ದರು. ಬಿಳಿ ಸೀರೆಯ ಆ ಪುಟ್ಟ ಆಕೃತಿ ಬೇಲಿಯಾಚೆ ಪ್ರೇಮಲತಾಳ ಮನೆಯತ್ತ ನಡೆದು ಹೋಯಿತು. ಜಯಮ್ಮ ದೂರದಿಂದಲೇ ಕೈ ಮುಗಿದು, ಆಮೇಲೆ ಸೀರೆ ಎತ್ತಿ ಕಟ್ಟಿ ಕಾಫಿ ತಿರುವತೊಡಗಿದರು. ಸುಪ್ರಿಯಾ ಪಕ್ಕದ ಸಾಲು ಹಿಡಿದಳು.

ಸಂಜೆ, ಅಡಕೆಮರಗಳಾಚೆ ಬೆಳಕು ಇನ್ನೂ ಉಳಿದಿರುವಾಗಲೇ ಎಂದಿನ ಕೂಗು ಕೇಳಿತು. "ಹೊತ್ತಾಯ್ತು, ಉಣ್ಣಿ!" ಕಂತಿನ ನೆಪದಲ್ಲಿ ಎಷ್ಟೋ ದಿನ ತಡಮಾಡಿ ಒಬ್ಬಳೇ ಉಣ್ಣುತ್ತಿದ್ದ ಸುಪ್ರಿಯಾ ಅಂದು ಮೊದಲೇ ಬಂದು ಕುಳಿತಳು. ಜಯಮ್ಮ ಅನ್ನ ಬಡಿಸಿದರು, ಸಾರು ಬಡಿಸಿದರು. ಆಮೇಲೆ ಡಬ್ಬಿಯ ಮುಚ್ಚಳ ಕಿರುಗುಟ್ಟಿತು. ತಟ್ಟೆಯ ಅಂಚಿಗೆ ಒಂದು ಚೂರು ಬೆಲ್ಲ ಬಂದು ಬಿತ್ತು.

"ತಿನ್ನು. ಇನ್ನೂ ಬೆಳಕಿದೆ."

ಸುಪ್ರಿಯಾ ಬಾಯಿಗಿಟ್ಟುಕೊಂಡಳು. ಮೂಟೆಗಳ ಕೋಣೆಯಲ್ಲಿ ಫೋನು ಸದ್ದು ಮಾಡಿತು, ನಿಂತಿತು, ಮತ್ತೆ ಮಾಡಿತು. ಅವಳು ಏಳಲಿಲ್ಲ. ಅತ್ತೆಯ ಋಣ ನಾಲಿಗೆಯ ಮೇಲೆ ಕರಗುತ್ತಿತ್ತು.