ಪ್ಲಮ್ ಮರದ ಜೋಡಿ ದಾರ

"ಕೈ ತೆಗೀರಿ ಅದರಿಂದ!"

ಬೆನ್ನ ಹಿಂದಿನಿಂದ ಬಂದ ಗುಡುಗಿಗೆ ಕಾಲಿನಾ ಏಣಿಯ ಮೇಲೆಯೇ ತತ್ತರಿಸಿದಳು. ಕೈಯಲ್ಲಿದ್ದ ಕತ್ತರಿ ಹುಲ್ಲಿಗೆ ಬಿತ್ತು.

ಕೆಳಗೆ ನಿಂತವನು ಜೇನು ಬಿಡಿಸುವವರ ಬಲೆಟೋಪಿಯನ್ನು ಹಿಂದಕ್ಕೆ ಸರಿಸಿ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಯಾರನ್ನ ಕೇಳಿ ಮರಕ್ಕೆ ಏಣಿ ಹಾಕಿದ್ರಿ?"

"ನಾನು ಬುರ್ಗಾಸ್ ಪಟ್ಟಣದ ಮ್ಯೂಸಿಯಮ್‌ನಿಂದ ಬಂದಿದೀನಿ. ಖಾಲಿ ಬಿದ್ದ ಮನೆಗಳ ಚರಿತ್ರೆ ಬರೀತಿದೀನಿ... ಇಲ್ಲಿ ಯಾರೂ ಇಲ್ಲ ಅಂದ್ರು!"

"ಯಾರೂ ಇಲ್ದಿದ್ರೆ ಕತ್ತರಿ ಹಾಕಬಹುದಾ? ಇನ್ನೊಬ್ಬರು ಮರಕ್ಕೆ ಕಟ್ಟಿದ ಮಾರ್ತೆನಿತ್ಸಾ ದಾರ ಕೀಳಬಾರದು ಅಂತ ನಿಮ್ಮಮ್ಮ ಹೇಳಿಕೊಡ್ಲಿಲ್ವಾ?"

ಅಮ್ಮ...

ಹೇಳಿಕೊಟ್ಟಿದ್ದಳು, ಯಾಕೆ ಹೇಳಿಕೊಟ್ಟಿರಲಿಲ್ಲ! ಪ್ರತಿ ಮಾರ್ಚ್ ಒಂದರ ಬೆಳಿಗ್ಗೆ, ವಸಂತದ ಶುಭಕ್ಕೆಂದು, ಈ ಕೆಂಪು-ಬಿಳಿ ದಾರವನ್ನು ಮಗಳ ಮಣಿಕಟ್ಟಿಗೆ ಕಟ್ಟಿ, "ಹೂಬಿಟ್ಟ ಮರ ಕಂಡ ದಿನ ಬಿಚ್ಚಿ ಕೊಂಬೆಗೆ ಕಟ್ಟು, ಆಮೇಲೆ ಮುಟ್ಟಬೇಡ" ಎನ್ನುತ್ತಿದ್ದಳು. ಆ ಅಮ್ಮ ಹೋದ ಚಳಿಗಾಲದಲ್ಲೇ ತೀರಿಕೊಂಡಿದ್ದಳು. ದಾರವನ್ನು ತನಗೆ ತಾನೇ ಕಟ್ಟಿಕೊಳ್ಳುವಂತಿಲ್ಲ, ಇನ್ನೊಬ್ಬರೇ ಕಟ್ಟಬೇಕು. ಹಾಗಾಗಿ ಈ ವರ್ಷ ಕಾಲಿನಾಳ ಕೈ ಬರಿದು.

ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನ ಸಿಟ್ಟು ಜರ್ರನೆ ಇಳಿಯಿತು.

"ಅಯ್ಯೋ... ಅಳಬೇಡ್ರಿ. ನಾನು ಮೊಮ್ಚಿಲ್. ಇದು ತೀರಿಹೋದ ನಮ್ಮಜ್ಜಿ ಗನಾ ಮನೆ. ಹಿತ್ತಲಲ್ಲಿ ನನ್ನ ಜೇನುಪೆಟ್ಟಿಗೆಗಳಿವೆ, ಅವನ್ನ ನೋಡೋಕೆ ದಿನಾ ಬಂದು ಹೋಗ್ತೀನಿ. ಬಾಗಿಲು ತೆಗೀತೀನಿ, ಒಳಗೆ ಏನು ಬೇಕಾದ್ರೂ ನೋಡಿ. ಮರ ಮಾತ್ರ ಬೇಡ."

ಹೀಗೆ ಶುರುವಾಯಿತು ನೋಡಿ, ಜಗಳದಿಂದ!

ಸ್ತ್ರಾಂಜಾ ಬೆಟ್ಟದ ಆ ಹಳ್ಳಿಯಲ್ಲಿ ಉಳಿದಿದ್ದವಳು ಪೆನಾ ಅಜ್ಜಿ ಒಬ್ಬಳೇ. ಅವಳೂ ಮಗಳ ಮನೆಗೆ ಹೋಗಿದ್ದಳು. ಕೇಳೋಣವೆಂದರೆ ಕಾಲಿನಾಳಿಗೆ ಒಂದು ನರಪಿಳ್ಳೆಯೂ ಸಿಗಲಿಲ್ಲ. ಮೊಮ್ಚಿಲ್ ಮಣ್ಣಿನ ಒಲೆ ತೋರಿಸಿದ, ತೊಲೆಯ ಮಸಿ ಒರೆಸಿಕೊಟ್ಟ, ಮಧ್ಯಾಹ್ನ ರೊಟ್ಟಿಗೆ ಜೇನು ಸುರಿದು ಮುಂದಿಟ್ಟ. ಆದರೆ ಅಜ್ಜ ದೊಬ್ರಿಯ ಮಾತೆತ್ತಿದರೆ ಸಾಕು, ಎದ್ದು ಹಿತ್ತಲಿಗೆ ನಡೆದುಬಿಡುತ್ತಿದ್ದ.

'ಇವನು ಹೇಳದಿದ್ದರೇನಂತೆ, ಮರವೇ ಹೇಳುತ್ತಿದೆಯಲ್ಲ!'

ಮರದ ತುಂಬ ದಾರಗಳಿದ್ದವು. ಕೆಲವು ಬಣ್ಣ ಹೋಗಿ ಬೂದುಬಣ್ಣಕ್ಕೆ ತಿರುಗಿದ್ದವು, ಕೆಲವನ್ನು ತೊಗಟೆ ನುಂಗಿತ್ತು. ಆದರೆ ಒಂಟಿಯಾಗಿ ಒಂದೂ ಇರಲಿಲ್ಲ. ಎಲ್ಲವೂ ಜೋಡಿ! ಗಂಡ-ಹೆಂಡತಿ ಮುಪ್ಪಿನವರೆಗೂ ಇಲ್ಲಿ ಒಟ್ಟಿಗೆ ಬಾಳಿದರು ಎಂದು ಕಾಲಿನಾ ಬರೆದುಕೊಂಡಳು. ಬರೆಯುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸಂಜೆ ಬಸ್ಸು ಹಿಡಿದು ಬುರ್ಗಾಸಿಗೆ ಮರಳಿದರೆ ಅವಳಿಗಾಗಿ ದೀಪ ಹಚ್ಚುವವರು ಯಾರೂ ಇರಲಿಲ್ಲ.

ಅದಕ್ಕೇ ಇರಬೇಕು, ದಿನಾ ಬೆಳಿಗ್ಗೆ ಇಲ್ಲಿಗೆ ಬರುವ ಬಸ್ಸಿನಲ್ಲಿ ಅವಳು ಕನ್ನಡಿ ತೆಗೆದು ಕೂದಲು ಸರಿಮಾಡಿಕೊಳ್ಳತೊಡಗಿದ್ದು.

'ಹಳೇ ಮನೆ ನೋಡೋಕೆ ಇಷ್ಟು ಅಲಂಕಾರ ಯಾಕೆ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಮೊಮ್ಚಿಲ್‌ನ ಮಣಿಕಟ್ಟಿನಲ್ಲಿದ್ದ ದಾರ ಮಾತ್ರ ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅದನ್ನು ಯಾರು ಕಟ್ಟಿದರು? ಕೇಳಲು ಬಾಯಿ ಬರಲಿಲ್ಲ.

ಒಂದು ಬೆಳಿಗ್ಗೆ ಪ್ಲಮ್ ಮರ ಅರಳಿ ನಿಂತಿತ್ತು. ಕೆಳಗಿನ ಕೊಂಬೆಯಲ್ಲಿ ಹೊಸ ದಾರಗಳು.

ಎರಡು. ಒಂದರ ಪಕ್ಕ ಒಂದು!

ಕಾಲಿನಾ ಮೊಮ್ಚಿಲ್‌ನ ಮಣಿಕಟ್ಟಿನತ್ತ ನೋಡಿದಳು, ಅದು ಬರಿದಾಗಿತ್ತು. ಅವನಿಗೆ ಒಬ್ಬಳಿದ್ದಾಳೆ... ಅವಳ ಜೊತೆ ಬಂದು ಕಟ್ಟಿದ್ದಾನೆ. 'ರೊಟ್ಟಿಗೆ ಜೇನು ಹಚ್ಚಿಕೊಟ್ಟ ಅಂತ ನೀನು ಏನೇನೋ ಅಂದುಕೊಂಡೆಯಲ್ಲೇ, ಪೆದ್ದಿ!'

"ನನ್ನ ಕೆಲಸ ಮುಗೀತು. ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ" ಎಂದಳು, ಅವನ ಮುಖ ನೋಡದೆ.

"ಮುಗೀತಾ?" ಅವನ ಕೈಯಲ್ಲಿದ್ದ ಜೇನುಹುಟ್ಟಿನ ಚೌಕಟ್ಟು ಕೆಳಗಿಳಿಯಿತು. "ಮತ್ತೆ ಬರೋದಿಲ್ವಾ?"

"ಬರೋಕೆ ಇನ್ನೇನಿದೆ ಇಲ್ಲಿ?"

ಅವನು ಚೌಕಟ್ಟನ್ನು ಪಕ್ಕಕ್ಕಿಟ್ಟ. "ಹೌದು ಬಿಡಿ... ಏನಿದೆ" ಎಂದು ಒಳಗೆ ಹೋದ.

ಹೋಗಬೇಡ ಅನ್ನಬಾರದಿತ್ತೇ ಆ ಮಹಾರಾಯ! ಅವಳಾದರೂ ಒಂದು ಮಾತು ಕೇಳಬಾರದಿತ್ತೇ!

ಬಸ್ಸು ಬಂದು ನಿಂತಾಗ ಅದರಿಂದ ಚೀಲ ಹೊತ್ತ ಮುದುಕಿಯೊಬ್ಬಳು ಏದುಸಿರು ಬಿಡುತ್ತಾ ಇಳಿದಳು. ಪೆನಾ ಅಜ್ಜಿ!

"ಯಾರಮ್ಮಾ ನೀನು, ನಮ್ಮೂರಲ್ಲಿ? ದಾರಿ ತಪ್ಪಿ ಬಂದ್ಯಾ?"

"ಗನಾ ಅಜ್ಜಿ ಮನೆ ಚರಿತ್ರೆ ಬರೆಯೋಕೆ ಬಂದಿದ್ದೆ, ಅಜ್ಜಿ. ಗಂಡ ಹೆಂಡತಿ ಕೊನೇವರೆಗೂ ಎಷ್ಟು ಚೆನ್ನಾಗಿ ಬಾಳಿದ್ರು..."

ಪೆನಾ ಅಜ್ಜಿ ಚೀಲವನ್ನು ದೊಪ್ಪೆಂದು ಕೆಳಗಿಟ್ಟಳು.

"ಯಾರೇ ನಿಂಗೆ ಹೇಳಿದ್ದು? ಆ ದೊಬ್ರಿ, ಮಗಳು ಹುಟ್ಟಿದ ಚಳಿಗಾಲಕ್ಕೇ ಹಡಗು ಹತ್ತಿ ಹೋದೋನು, ಈ ಕಡೆ ತಲೆ ಹಾಕಲಿಲ್ಲ! ಬದುಕಿದ್ನೋ, ಸತ್ನೋ, ಇನ್ನೊಬ್ಬಳ ಮನೇಲಿದ್ನೋ, ಯಾರಿಗೆ ಗೊತ್ತು?"

"ಆದ್ರೆ ಅಜ್ಜಿ, ಮರದ ಮೇಲೆ ಎಲ್ಲಾ ಜೋಡಿ..."

"ಎರಡನ್ನೂ ಗನಾನೇ ಕಟ್ತಿದ್ಲು, ಮಗಳೇ! ಅವಳದನ್ನ ನಾನು ಕೈಗೆ ಕಟ್ತಿದ್ದೆ, ಅವನದು ಅವಳ ಜೇಬಲ್ಲಿ ಇರೋದು. ಹೂವು ಬಿಟ್ಟ ದಿನ ಎರಡೂ ಮರಕ್ಕೆ. 'ಬಂದ್ರೆ ಅವನ ಕೈಗೆ, ಬರದಿದ್ರೆ ಕೊಂಬೆಗೆ' ಅನ್ನೋಳು ಹುಚ್ಚಿ. ಸಾಯೋವರೆಗೂ ಹಾಗೇ ಮಾಡಿದ್ಲು." ಅಜ್ಜಿ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

ಆ ಜೋಡಿಗಳೆಲ್ಲ ಇಬ್ಬರದಲ್ಲ. ಒಬ್ಬಳದು! ಒಂಟಿ ಹೆಂಗಸೊಬ್ಬಳು ಇಬ್ಬರ ಪಾಲಿನದನ್ನು ತಾನೇ ಕಟ್ಟಿದ್ದಳು.

ಹಾಗಾದರೆ... ಇವತ್ತಿನ ಆ ಎರಡು?

"ಹತ್ತಮ್ಮಾ, ಹೊರಡಬೇಕು!" ಚಾಲಕ ಹಾರ್ನ್ ಒತ್ತಿದ.

"ನೀವು ಹೋಗಿ!"

ಕಾಲಿನಾ ಓಡಿದಳು.

ಮೊಮ್ಚಿಲ್ ಮರದ ಕೆಳಗೆ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಬಸ್ಸು ತಪ್ಪಿತಾ?"

"ಮೊದ್ಲು ಹೇಳು, ನಿನ್ನ ಕೈಗೆ ದಾರ ಕಟ್ಟಿದ್ದು ಯಾರು?" ಬಹುವಚನ ಯಾವಾಗ ಹಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನು ತಲೆ ತಗ್ಗಿಸಿದ. "ನಾನೇ. ಹಲ್ಲಲ್ಲಿ ಕಚ್ಚಿ ಗಂಟು ಹಾಕ್ಕೊಂಡೆ. ಕಟ್ಟೋಕೆ ಅಜ್ಜಿ ಇಲ್ವಲ್ಲ."

"ಇನ್ನೊಂದು?"

"ಅದು... ಅಜ್ಜಿ ಹಾಗೇ ನಾನೂ ಜೇಬಲ್ಲಿ ಇಟ್ಕೋತೀನಿ. ಯಾರಿಗೆ ಅಂತ ಗೊತ್ತಿರ್ಲಿಲ್ಲ." ಅವನ ದನಿ ಇಳಿಯಿತು. "ನೀನು ಬಂದ ಮೇಲೆ ಗೊತ್ತಾಯ್ತು. ದಿನಾ ಬೆಳಿಗ್ಗೆ ನಿನ್ನ ಕೈಗೆ ಕಟ್ಟೋಣ ಅಂದ್ಕೊಳ್ತಿದ್ದೆ. ನೀನು ಮನೆ ನೋಡೋಕೆ ಬಂದೋಳು, ಹೊರಟು ಹೋಗೋಳು. ಅಜ್ಜಿ ಥರ ಕಾಯೋ ಶಕ್ತಿ ನಂಗಿಲ್ಲ ಅಂತ ಹೆದರಿದೆ. ಅಷ್ಟರಲ್ಲಿ ಮರ ಅರಳಿಬಿಡ್ತು."

"ಅದಕ್ಕೆ ನನ್ನ ದಾರನ ಕೊಂಬೆಗೆ ಕಟ್ಟಿಬಿಟ್ಯಾ? ಅದನ್ನ ನೋಡಿ ನಿಂಗೆ ಇನ್ಯಾರೋ ಇದಾಳೆ ಅಂತ ನಾನು ಬಸ್ಸಿಗೆ ಹೊರಟಿದ್ದೆ, ಗೊತ್ತಾ?"

"ನಂಗೆ? ಇನ್ಯಾರೋ?" ಅವನು ಬೆಪ್ಪಾಗಿ ನೋಡಿದ. "ಕಾಲಿನಾ, ನಂಗೆ ನೀನು ಬೇಕು. ಇಷ್ಟೇ ಹೇಳೋಕೆ ಒಂದು ವಾರ ಒದ್ದಾಡಿದೆ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿತು. "ನಂಗೂ ನೀನೇ ಬೇಕು ಕಣೋ..."

"ತಡಿ, ಈಗ್ಲೇ ಬಿಚ್ಚಿ ನಿನ್ನ ಕೈಗೆ ಕಟ್ತೀನಿ!" ಅವನು ಕೊಂಬೆಗೆ ಕೈ ಚಾಚಿದ.

"ಕೈ ತೆಗಿ ಅದರಿಂದ!"

ಅವನು ಬೆಚ್ಚಿ ನಿಂತ.

"ಕಟ್ಟಿದ್ದನ್ನ ಕೀಳಬಾರದು ಅಂತ ನಿಮ್ಮಜ್ಜಿ ಹೇಳಿಕೊಡ್ಲಿಲ್ವಾ?"

"ಮತ್ತೆ... ನಿನ್ನ ಕೈ ಬರಿದಾಗೇ ಇರುತ್ತಲ್ಲ?"

ಕಾಲಿನಾ ತನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

"ಮುಂದಿನ ಮಾರ್ಚ್‌ಗೆ ಕಟ್ಟುವಂತೆ. ಅಲ್ಲೀವರೆಗೂ ಹೀಗೇ ಹಿಡ್ಕೊಂಡಿರು."