ಒಂಬತ್ತು ಯಾಕಲ್ಲ

ಬೈಗುಳ ತಿನ್ನಲು ತಯಾರಾಗಿ ಬಂದವರ ಮುಖ ಅನಿಷಾಳಿಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಅಂಕಿತ್‌ನದ್ದೂ ಅದೇ ಮುಖ. ಮೂಡುಬಿದಿರೆಯ ಕಾಲೇಜಿನ ಹಾಸ್ಟೆಲಿನಲ್ಲಿ ಕುಡಿದು ಮೆಟ್ಟಿಲ ಮೇಲೆ ಬಿದ್ದಿದ್ದವನನ್ನು ವಾರ್ಡನ್ ಅವಳ ಹತ್ತಿರ ಕೌನ್ಸೆಲಿಂಗಿಗೆ ಅಟ್ಟಿದ್ದರು.

"ಶುರು ಮಾಡಿ ಮೇಡಂ, ಉಪದೇಶ."

"ಉಪದೇಶ ನನಗೆ ಬರುವುದಿಲ್ಲ. ಕುಡಿಯುವುದರಲ್ಲಿ ನಿಮಗೆ ಇಷ್ಟ ಆಗುವುದು ಎಂತ, ಹೇಳಿ."

ಗೇಲಿ ಮಾಡುತ್ತಿದ್ದಾಳೋ ಎಂದು ಅವನು ಕಣ್ಣು ಕಿರಿದು ಮಾಡಿ ನೋಡಿದ. ಗೇಲಿಯಲ್ಲ. ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು ಓದುತ್ತ ಇಲ್ಲಿ ಕೌನ್ಸೆಲಿಂಗ್ ತರಬೇತಿಯಲ್ಲಿದ್ದ ಅವಳಿಗೆ ಕಲಿಸಿದ್ದೇ ಅದು. ಬಿಡು ಎಂದು ಹೇಳಬಾರದು, ಕೇಳಬೇಕು. ಬಿಡುವ ಕಾರಣ ಕುಡಿಯುವವನ ಬಾಯಿಂದಲೇ ಹೊರಡಬೇಕು.

"ಕಡಿಮೆ ಮಾಡಲು ಎಷ್ಟು ತಯಾರಿದ್ದೀರಿ? ಸೊನ್ನೆಯಿಂದ ಹತ್ತರೊಳಗೆ."

"ಮೂರು."

"ಎರಡು ಯಾಕಲ್ಲ?"

ಹತ್ತು ಯಾಕಲ್ಲ ಎಂದು ಕೇಳಿದ್ದರೆ ಅವನ ಹತ್ತಿರ ನೂರು ಉತ್ತರ ಇದ್ದವೇನೋ. ಇದಕ್ಕೆ ಹುಡುಕಬೇಕಾಯಿತು. ಕಿಟಕಿಯ ಕಡೆ ನೋಡಿಕೊಂಡು ನಿಧಾನ ಹೇಳಿದ, "ಅಮ್ಮ ಇದ್ದಿದ್ದರೆ ಬೇಜಾರು ಮಾಡ್ತಿದ್ದರು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಅಮ್ಮ ಇದ್ದಾಗ ಊಟ ಆದ ಮೇಲೂ ಮಾತು ಇತ್ತು. ಈಗ ಮನೆಗೆ ಹೋದರೆ ಅಪ್ಪ ಟಿವಿ ಹಾಕ್ತಾರೆ. ಅಲ್ಲೂ ಇಲ್ಲೂ ರಾತ್ರಿ ಸುಮ್ಮನೆ ಉದ್ದ."

ಸಿದ್ಧಕಟ್ಟೆಯ ಅನಿಷಾಳದ್ದೂ ಜೈನರ ಮನೆ. ಊಟ ಮುಗಿದ ಮೇಲಿನ ಆ ಉದ್ದದ ಸಂಜೆ ಅವಳಿಗೆ ಹೇಳಿ ತಿಳಿಯಬೇಕಾಗಿರಲಿಲ್ಲ. ಅವನನ್ನು ಅವಳು ಇಷ್ಟಪಟ್ಟದ್ದು ಆಗಲೇ.

ಅಂಕಿತ್ ಪ್ರತಿ ಗುರುವಾರ ಬಂದ, ಒದ್ದೆ ತಲೆ ಬಾಚಿಕೊಂಡು. ಕನ್ನಡದಲ್ಲಿ ಶುರುವಾದ ಮಾತು ಯಾವಾಗ ತುಳುವಿಗೆ ಇಳಿಯಿತೋ, ನೀವು ಹೋಗಿ ಯಾವಾಗ ನೀನು ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ನೀನು ಪೆನ್ನಿನ ಮುಚ್ಚಳ ಕಚ್ಚಿದರೆ ನನ್ನ ಉತ್ತರ ಸರಿಯಿಲ್ಲ ಅಂತ ಅರ್ಥ. ಅಲ್ವಾ?"

"ನನ್ನನ್ನು ನೋಡಲಿಕ್ಕೆ ಬರುವುದಾ ನೀನು?"

"ಕುರ್ಚಿ ಹಾಕಿದ್ದು ಎದುರಾಬದುರು. ಮತ್ತೆಲ್ಲಿ ನೋಡುವುದು ಮಾರಾಯ್ತಿ?"

ಅವಳ ಕಿವಿ ಕೆಂಪಾಯಿತು. ಅದನ್ನೂ ಅವನು ನೋಡಿದ.

ಐದು ಅಂದ. ಆಮೇಲೊಂದು ವಾರ ಏಳು ಅಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಗುರುವಾರ ಒಂಬತ್ತು ಅಂದ. ಆ ದಿನ ಅವಳು ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಸಿದ್ಧಕಟ್ಟೆಯವರೆಗೂ ಒಬ್ಬಳೇ ನಗುತ್ತ ಹೋದಳು. ಒಂಬತ್ತಕ್ಕೆ ಕಾರಣ ಕೇಳಲು ಮರೆತೇ ಬಿಟ್ಟಿದ್ದಳು.

ಶನಿವಾರ ಅವನ ರೂಮ್‌ಮೇಟ್, ಫರಂಗಿಪೇಟೆಯ ಅಜ್ಮಲ್ ಫೋನ್ ಮಾಡಿದ. "ಅಂಕಿತ್ ರಕ್ತ ವಾಂತಿ ಮಾಡಿದ. ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಇದ್ದೇವೆ. ನಿನ್ನೆಯಿಂದ ಕುಡೀತಾ ಇದ್ದ. ಅವನು ಬಿಟ್ಟದ್ದೇ ಇಲ್ಲ ಮೇಡಂ."

ಅವಳು ಹೋದಾಗ ಸಂಜೆ ಇಳಿಯುತ್ತಿತ್ತು. ಅಂಕಿತ್‌ನ ತುಟಿ ಬಿಳಿಚಿಕೊಂಡಿತ್ತು, ಕೈಗೆ ಡ್ರಿಪ್ ಹಾಕಿದ್ದರು.

"ಒಂಬತ್ತು ಅಂದಿದ್ದಿ."

"ಗುರುವಾರವೂ ಕುಡಿದಿದ್ದೆ."

"ಮತ್ತೆ ಯಾಕೆ ಒಂಬತ್ತು?"

"ಏಳು ಅಂದಾಗ ನೀನು ನಕ್ಕಿಯಲ್ಲ," ಅಂದ. "ಒಂಬತ್ತು ಅಂದರೆ ಇನ್ನೂ ನಗ್ತಿ ಅಂತ."

ಅನಿಷಾ ಹಾಸಿಗೆಯ ಅಂಚಿನಲ್ಲಿ ಕೂತಳು. ತನಗಾಗಿ ಒಬ್ಬ ಇಷ್ಟು ಆಸೆಪಟ್ಟನಲ್ಲ ಎಂಬ ಸಂತೋಷ ಒಂದು ಕ್ಷಣ ತಲೆಯೆತ್ತಿತು, ಅದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇನ್ನು ನಿನ್ನ ಎದುರು ರಾಜೀವಿ ಮೇಡಂ ಕೂರ್ತಾರೆ. ನನಗೆ ಕಲಿಸಿದವರು. ನಾನು ಬರುವುದಿಲ್ಲ."

"ನನ್ನನ್ನು ಬಿಟ್ಟುಬಿಡ್ತೀಯಾ?"

"ನನ್ನ ಎದುರು ನೀನು ಸುಳ್ಳು ಹೇಳ್ತಿ. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ."

"ಸುಮ್ಮನೆ ಕಾಣಲಿಕ್ಕಾದರೂ?"

"ಇಲ್ಲ. ನನ್ನನ್ನು ನಗಿಸಲಿಕ್ಕೆ ಅಂತ ನೀನು ಮತ್ತೆ ಸುಳ್ಳು ಶುರು ಮಾಡ್ತಿ."

ನರ್ಸ್ ಗಂಜಿ ಇಟ್ಟು ಹೋದಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. "ಹೊತ್ತು ಉಂಟು, ಊಟ ಮಾಡು," ಅಂದಳು ಅನಿಷಾ. ಅವನು ಎರಡು ಚಮಚ ಕುಡಿದು, ಮೂರನೆಯದನ್ನು ಅವಳತ್ತ ಚಾಚಿದ. ಅವಳು ಕುಡಿದಳು. ಉಪ್ಪಿಲ್ಲದ ಗಂಜಿ.

"ಒಂದು ಸಲ ಸತ್ಯ ಹೇಳು. ಬಿಡಲು ಎಷ್ಟು ತಯಾರಿದ್ದಿ?"

ಅವನು ಅವಳ ಮುಖ ನೋಡದೆ ಉತ್ತರಿಸಿದ. "ಎರಡು."

"ಒಂದು ಯಾಕಲ್ಲ?"

"ಗೊತ್ತಿಲ್ಲ." ಹೊದಿಕೆಯ ಅಂಚನ್ನು ಎಳೆದುಕೊಂಡ. "ನೀನು ಬರುವುದಿಲ್ಲ ಅಂದ ಮೇಲೂ ಎರಡೇ ಉಂಟು. ಕಡಿಮೆ ಆಗಲಿಲ್ಲ."

ಆ ಮೊದಲ ದಿನದ ನಂತರ ಅವನು ಕೊಟ್ಟ ಉತ್ತರಗಳಲ್ಲಿ ಅವಳಿಗಾಗಿ ಅಲ್ಲದ ಉತ್ತರ ಇದೊಂದೇ, ಪೂರ್ತಿ ಅವನದ್ದೇ. ಅನಿಷಾ ಈ ಸಲ ನಗಲಿಲ್ಲ. ಅವನ ಹಣೆಯ ಕೂದಲು ಸರಿಸಿ, ಎದ್ದಳು.

"ಅನಿಷಾ, ನನ್ನ ಮೇಲೆ ನಿನಗೆ ಪ್ರೀತಿ ಎಷ್ಟು? ಸೊನ್ನೆಯಿಂದ ಹತ್ತರೊಳಗೆ."

"ಹತ್ತು."

"ಒಂಬತ್ತು ಯಾಕಲ್ಲ?"

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಒಂಬತ್ತಾಗಿದ್ದರೆ ನಾಳೆಯೂ ಬರ್ತಿದ್ದೆ."