ಮರ್ಲಾ ನೋಡಿದ ಅಳತೆ

ಈ ಕತೆಯನ್ನು ಮೊದಲು ಹೇಳಿದವರು ನೆಬ್ರಾಸ್ಕಾದ ಲೊಮ್ನಿ ಎಂಬ ಊರಿನ ನಿವೃತ್ತ ಶಿಕ್ಷಕಿ ಲಿಬುಶೆ ಹ್ಲಾಡ್ಕಿ. ೧೯೯೪ರ ಜನವರಿಯ ಒಂದು ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯಲ್ಲಿ ದಿಂಬಿಗೆಂದು ಹೆಬ್ಬಾತಿನ ಗರಿ ಬಿಡಿಸುತ್ತ ಕುಳಿತಿದ್ದ ಒಂಬತ್ತು ಹೆಂಗಸರಿಗೆ ಅವರು ಇದನ್ನು ಹೇಳಿದರು. ನಡೆದದ್ದು ಅದಕ್ಕೂ ಹನ್ನೊಂದು ವರ್ಷ ಹಿಂದೆ, ಊರಿನ ಪುಟ್ಟ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಚಾಂಪಿಯನ್ ಆದ ಚಳಿಗಾಲದಲ್ಲಿ.

"ಮಿಸ್, ಮರ್ಲಾ ಇನ್ನೂ ಏನೂ ಬರ್ದಿಲ್ಲ!" ಪಕ್ಕದ ಡೆಸ್ಕಿನ ಡ್ವೇನ್ ಕತ್ತು ಚಾಚಿ ಇಣುಕಿದ.

"ನಿನ್ ಪುಟ ನೋಡ್ಕೊಳೋ," ಎಂದು ಮರ್ಲಾ ಖಾಲಿ ಹಾಳೆಯ ಮೇಲೆ ಮೊಣಕೈ ಊರಿದಳು.

ಐದನೆಯ ತರಗತಿಯ ಹತ್ತೊಂಬತ್ತು ಮಕ್ಕಳೂ ಶನಿವಾರದ ಸೆಮಿಫೈನಲ್‌ನಲ್ಲಿ ತಾವು ಕಂಡದ್ದನ್ನು ಒಂದೊಂದು ಪುಟ ಬರೆಯಬೇಕಿತ್ತು. ಫೈನಲ್‌ಗೆ ಹೊರಡುವ ಮುನ್ನ, ಗುರುವಾರ, ತಂಡ ಶಾಲೆಗೆ ಬರಲಿತ್ತು. ಅಷ್ಟರಲ್ಲಿ ಪುಟಗಳೆಲ್ಲ ಗೋಡೆ ಏರಬೇಕು.

"ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ನೀನು," ಎಂದರು ಮಿಸ್ ಹ್ಲಾಡ್ಕಿ. "ನೋಡಿದ್ದನ್ನ ನೋಡಿದ ಹಾಗೇ ಬರಿ, ಮರಿ."

ಕಷ್ಟ ಇದ್ದದ್ದೇ ಅಲ್ಲಿ.

ಈ ಆಟದಲ್ಲಿ ಚೆಂಡನ್ನು ತಬ್ಬಿಕೊಂಡು ಓಡುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಅನುಮಾನ ಬಂದಾಗ ಹತ್ತು ಗಜದ ಸರಪಳಿ ಹಿಡಿದು ಅಳೆಯುತ್ತಾರೆ. ಅದರ ಎರಡು ತುದಿಗೆ ಎರಡು ಕೋಲು. ನಡುವೆ, ಮೈದಾನದ ಒಂದು ಬಿಳಿ ಗೆರೆಗೆ ಸರಿಯಾಗಿ, ಒಂದು ಕ್ಲಿಪ್ಪು. ಸರಪಳಿಯನ್ನು ಮೈದಾನದೊಳಕ್ಕೆ ಒಯ್ದಾಗ ಆ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು ಎಳೆಯುವುದು ಪದ್ಧತಿ. ಕ್ಲಿಪ್ಪು ಜರುಗಿದರೆ ಅಳತೆಯೂ ಜರುಗಿದಂತೆ. ಲೊಮ್ನಿಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಆ ಕ್ಲಿಪ್ಪು ಹಾಕುತ್ತಿದ್ದವರು ಮರ್ಲಾಳ ಅಜ್ಜ ಎಮಿಲ್.

ಶನಿವಾರ ಆಟ ಮುಗಿಯಲು ಎರಡು ನಿಮಿಷವಿತ್ತು. ಲೊಮ್ನಿ ನಾಲ್ಕು ಅಂಕ ಹಿಂದಿತ್ತು. ನಾಲ್ಕನೆಯ ಯತ್ನವೂ ಮುಗಿದು, ಚೆಂಡು ಹತ್ತು ಗಜ ದಾಟಿತೋ ಇಲ್ಲವೋ ಎಂಬ ಅನುಮಾನ ಎದ್ದಿತು. ರೆಫರಿ ಕೈ ಬೀಸಿ ಕರೆದರು. ಸರಪಳಿ ಎತ್ತುವಾಗ ಅಜ್ಜನ ದಪ್ಪ ಕೈಗವಸಿಗೆ ಸಿಕ್ಕಿ ಕ್ಲಿಪ್ಪು ಕಳಚಿ ಹುಲ್ಲಿಗೆ ಬಿತ್ತು. ಅಜ್ಜ ಬಗ್ಗಿ ಎತ್ತಿಕೊಂಡವರೇ ಅದೇ ಉಸಿರಿನಲ್ಲಿ ಮತ್ತೆ ಸಿಕ್ಕಿಸಿಬಿಟ್ಟರು.

ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ಮರ್ಲಾಳ ಹೊರತು ಬೇರೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು. ಸರಪಳಿ ಎಳೆದಾಗ ಚೆಂಡಿನ ಚೂಪು ಮೂಗು ಮುಂದಿನ ಕೋಲನ್ನು ಎರಡು ಬೆರಳಿನಷ್ಟು ದಾಟಿತ್ತು. ಚೆಂಡು ಲೊಮ್ನಿಯ ಬಳಿಯೇ ಉಳಿಯಿತು, ಆಟವನ್ನೂ ಲೊಮ್ನಿ ಗೆದ್ದಿತು. ಎದುರು ತಂಡದ ಒಬ್ಬ ದೊಡ್ಡ ಹುಡುಗ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಮಂಡಿಯೂರಿ, ಹೆಲ್ಮೆಟ್ ತೆಗೆಯದೆಯೇ ಅಳುತ್ತಿದ್ದ.

ಖಾಲಿ ಹಾಳೆ ಹಿಡಿದು ಮರ್ಲಾ ಶಾಲೆಯಿಂದ ಮನೆಗೆ ಬಂದಾಗ ಅಜ್ಜ ಆಲೂಗಡ್ಡೆ ಸುಲಿಯುತ್ತಿದ್ದರು.

"ಅಜ್ಜಾ, ಅವತ್ತು ಕ್ಲಿಪ್ಪು ಬಿತ್ತಲ್ವಾ?"

ಚಾಕು ನಿಂತಿತು. "ನೋಡಿದ್ಯಾ?"

"ಹ್ಞೂಂ. ಇದ್ದಲ್ಲೇ ಹಾಕಿದ್ಯಾ?"

"ಹಾಕ್ದೆ ಅಂದ್ಕೊಂಡೆ." ಅಜ್ಜ ಕೈಯಲ್ಲಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟರು. "ಒಂದು ಕೊಂಡಿ ಆಚೆಯೋ ಈಚೆಯೋ, ಆಣೆ ಮಾಡು ಅಂದ್ರೆ ಆಗಲ್ಲ ಮಗಾ. ಬಿತ್ತು ಅಂತ ಆಗ್ಲೇ ರೆಫರಿಗೆ ಹೇಳ್ಬೇಕಿತ್ತು. ಅವರು ಕಣ್ಣಳತೆ ಮೇಲೆ ತೀರ್ಮಾನ ಮಾಡೋರು. ಬಾಯೇ ಬರ್ಲಿಲ್ಲ."

"ನಾನು ಬರೆಯಲ್ಲ ಬಿಡು."

"ಬರೀಬೇಡ ಅಂತ ನಾನೆಲ್ಲಿ ಹೇಳ್ದೆ?"

ಮರುದಿನ ಶಾಲೆ ಬಿಟ್ಟ ಮೇಲೆ ಅಜ್ಜ ಅವಳನ್ನೂ ಕರೆದುಕೊಂಡು ಕಾಲೇಜು ತಂಡದ ಕೋಚ್ ರಿಯರ್ಡನ್ ಅವರ ಕೋಣೆಗೆ ಹೋದರು.

"ಬಾರೋ ಎಮಿಲ್! ನಮ್ಮ ಅದೃಷ್ಟದ ಸರಪಳಿ ಬಂತು ನೋಡಿ!" ಎಂದು ಕೋಚ್ ನಕ್ಕರು. ಅಜ್ಜ ನಾಲ್ಕು ಮಾತು ಆಡುವಷ್ಟರಲ್ಲಿ ಕೋಚ್ ಎದ್ದು ಬಾಗಿಲು ಹಾಕಿದರು.

"ಅವರ ಹುಡುಗ್ರು ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗಿಯಾಯ್ತು. ಈಗ ಇದನ್ನ ಹೇಳಿ ಯಾರಿಗೆ ಏನು ಕೊಡ್ತೀಯಾ? ನನ್ನ ಹುಡುಗರ ಕಿವಿಗೆ ಬಿದ್ರೆ ಶನಿವಾರ ಕಾಲೆತ್ತಿ ಓಡ್ತಾರಾ ಅವರು?"

"ಒಂದ್ಸಲ ಪೂರ್ತಿ ಕೇಳು, ರಿಯರ್ಡನ್..."

"ನೀನು ಏನೂ ಹೇಳಿಲ್ಲ. ನಾನೂ ಏನೂ ಕೇಳಿಲ್ಲ. ಪುಟ್ಟೀ, ಚಾಕಲೇಟ್ ತಗೋ."

ಮರ್ಲಾ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದವಳೇ ಕೋಟು ಬಿಚ್ಚದೆ ಬರೆಯಲು ಕುಳಿತಳು.

ಗುರುವಾರ ಬೆಳಿಗ್ಗೆ ಮಿಸ್ ಹ್ಲಾಡ್ಕಿ ಆ ಪುಟವನ್ನು ನಿಂತಲ್ಲೇ ಓದಿದರು. ನಡುವೆ ಒಮ್ಮೆ ಬಾಗಿಲ ಕಡೆ ನೋಡಿದರು. ಹಾಳೆಯನ್ನು ನಾಲ್ಕಾಗಿ ಮಡಚಿ ಮೇಜಿನ ಖಾನೆಗೆ ಹಾಕಿ, "ಅಕ್ಷರ ಎಷ್ಟು ದುಂಡಗಿದೆ, ಮರಿ," ಎಂದರು.

ಗೋಡೆಯ ಮೇಲೆ ಹದಿನೆಂಟು ಪುಟಗಳಿದ್ದವು. ಆಟಗಾರರು ಬಂದು ಒಂದೊಂದನ್ನೇ ಓದಿ ನಕ್ಕರು.

"ನಿಂದೆಲ್ಲೇ?" ಎಂದ ಡ್ವೇನ್. "ಅಷ್ಟು ಹತ್ರ ನಿಂತು ನಿದ್ದೆ ಹೊಡೀತಿದ್ಯಾ?"

ಮರ್ಲಾ ಮಿಸ್ ಮೇಜಿನ ಖಾನೆಯ ಕಡೆ ನೋಡಿದಳು.

ಶನಿವಾರ ಪರವೂರಿನಲ್ಲಿ ನಡೆದ ಫೈನಲ್‌ನಲ್ಲೂ ಲೊಮ್ನಿ ಗೆದ್ದಿತು. ರೇಡಿಯೊದಲ್ಲಿ ಸುದ್ದಿ ಬಂದದ್ದೇ ತಡ, ಚರ್ಚಿನ ಗಂಟೆ ಬಡಿದುಕೊಳ್ಳತೊಡಗಿತು. ಯಾರೋ ಬಂದು ಬಾಗಿಲು ತಟ್ಟಿದರು. "ಎಮಿಲ್! ಮೆರವಣಿಗೆಗೆ ಫೈರ್ ಇಂಜಿನ್ ಹೊರಡ್ತಿದೆ. ಮೇಲೆ ನಿಂಗೂ ಜಾಗ ಇಟ್ಟಿದೀವಿ ಕಣೋ, ಬಾ!"

"ಮಂಡಿ ನೋವು. ನೀವು ಹೋಗಿ," ಎಂದರು ಅಜ್ಜ. ರೇಡಿಯೊ ಆರಿಸಿ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತರು. ತಟ್ಟೆಯಲ್ಲಿದ್ದ ಊಟ ಹಾಗೆಯೇ ಇತ್ತು.

"ನನ್ನ ಪುಟ ಗೋಡೆಗೆ ಹಾಕ್ಲೇ ಇಲ್ಲ, ಅಜ್ಜ."

"ಏನ್ ಬರ್ದಿದ್ದೆ?"

"ನೋಡಿದ್ದನ್ನ."

ಅಜ್ಜ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. "ಹೇಳು, ಕೇಳ್ತೀನಿ."

ಮರ್ಲಾ ಹೇಳಿದಳು. ಕೈಗವಸು, ಕಳಚಿ ಬಿದ್ದ ಕ್ಲಿಪ್ಪು, ಅದನ್ನು ಮತ್ತೆ ಹಾಕಿದ್ದು, ಎರಡು ಬೆರಳು, ಹೆಲ್ಮೆಟ್ಟಿನೊಳಗೇ ಅತ್ತ ಹುಡುಗ. ಹೊರಗೆ ಫೈರ್ ಇಂಜಿನ್ನಿನ ಸದ್ದು ಬೀದಿ ತುಂಬಿ ಹಾದುಹೋಯಿತು. ಅದು ಹೋಗುವವರೆಗೆ ನಿಂತು, ಮತ್ತೆ ಮುಂದುವರಿಸಿದಳು. ಅಜ್ಜ ನಡುವೆ ಬಾಯಿ ಹಾಕಲಿಲ್ಲ.

"ಹೌದು," ಎಂದರು ಕೊನೆಗೆ. "ಹಾಗೇ ಆಯ್ತು."

ನಿನ್ನ ತಪ್ಪಲ್ಲ ಬಿಡಜ್ಜಾ, ಎನ್ನುವ ಮಾತು ಮರ್ಲಾಳ ನಾಲಿಗೆಯ ತುದಿಗೆ ಬಂದಿತ್ತು. ಆಗ ಕೋಚ್ ಎದ್ದು ಬಾಗಿಲು ಹಾಕಿದ್ದು ನೆನಪಾಯಿತು. ಮಿಸ್ ಹಾಳೆ ಮಡಚಿದ್ದು ನೆನಪಾಯಿತು. ಅವಳು ಆ ಮಾತನ್ನು ಆಡಲಿಲ್ಲ. ತನ್ನ ಕುರ್ಚಿಯನ್ನು ಎಳೆದುಕೊಂಡು ಅಜ್ಜನ ಪಕ್ಕದಲ್ಲಿ ಕುಳಿತಳು.

ಮುಂದಿನ ವರ್ಷದಿಂದ ಕ್ಲಿಪ್ಪು ಹಾಕುವ ಕೆಲಸಕ್ಕೆ ಬೇರೊಬ್ಬರು ಬಂದರು.

ಲಿಬುಶೆ ಹ್ಲಾಡ್ಕಿ ಇಲ್ಲಿಗೆ ನಿಲ್ಲಿಸಿದರು. "ಹಿಮ ಬೀಳೋ ಹಾಗಿದೆ, ಹೊರಡೋಣ್ವಾ?" ಎಂದು ಒಬ್ಬಾಕೆ ಎದ್ದಳು. ಉಳಿದವರೂ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಮನೆಗೆ ಹೋದರು.